ಉತ್ತರ ಕೊರಿಯಾ ಯಾಕೆ ಬೀಳುತ್ತಿಲ್ಲ?

[ತೆರೆಯ ಮೇಲೆ: ಬುಕಾರೆಸ್ಟ್ ನಗರದ ಚೌಕ, 21 ಡಿಸೆಂಬರ್ 1989ರ ಟಿವಿ ದೃಶ್ಯ]

ಬಾಲ್ಕನಿಯಲ್ಲಿ ನಿಂತು ಭಾಷಣ ಮಾಡುತ್ತಿರುವವನು ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು. ಕೆಳಗಿರುವುದು ಅವನ ಸರ್ಕಾರವೇ ಸೇರಿಸಿದ ಜನ. ಚಪ್ಪಾಳೆ ತಟ್ಟಬೇಕಾದ ಗುಂಪು ಇದ್ದಕ್ಕಿದ್ದಂತೆ ಕೂಗಾಡತೊಡಗುತ್ತದೆ. ಟಿವಿಯಲ್ಲಿ ಲೈವ್ ಹೋಗ್ತಿದೆ. ಅವನ ಮುಖ ನೋಡಿ, ಏನಾಗುತ್ತಿದೆ ಅಂತಲೇ ಅರ್ಥವಾಗುತ್ತಿಲ್ಲ. ನಾಲ್ಕೇ ದಿನ. ಡಿಸೆಂಬರ್ 25ರಂದು ಅವನನ್ನೂ ಅವನ ಹೆಂಡತಿಯನ್ನೂ ಗುಂಡಿಕ್ಕಿ ಕೊಂದರು.

ಇದೇ ಚೌಷೆಸ್ಕು 1971ರಲ್ಲಿ ಉತ್ತರ ಕೊರಿಯಾಕ್ಕೆ ಹೋಗಿ, ಕಿಮ್ ಇಲ್ ಸುಂಗ್ ಆಡಳಿತಕ್ಕೆ ಮರುಳಾಗಿ ಬಂದಿದ್ದ. ಶಿಷ್ಯ ಬಿದ್ದ. ಗುರುವಿನ ಮನೆತನ ಮಾತ್ರ 1948ರಿಂದ ಕೂತಲ್ಲೇ ಕೂತಿದೆ. ಅಜ್ಜ ಕಿಮ್ ಇಲ್ ಸುಂಗ್, ಮಗ ಕಿಮ್ ಜಾಂಗ್ ಇಲ್, ಈಗ ಮೊಮ್ಮಗ ಕಿಮ್ ಜಾಂಗ್ ಉನ್.

ಹೇಗೆ? "ಅಲ್ಲಿನ ಜನರ ಬ್ರೈನ್‌ವಾಶ್ ಆಗಿದೆ" ಅನ್ನೋದು ನಾವೆಲ್ಲ ಕೊಡುವ ಸುಲಭದ ಉತ್ತರ. ನನಗೆ ಅದು ಸೋಮಾರಿ ಉತ್ತರ ಅನ್ನಿಸುತ್ತದೆ. ಬುಕಾರೆಸ್ಟ್ ಜನರಿಗೂ ಚೌಷೆಸ್ಕು ಮೇಲಿನ ಸಿಟ್ಟು ಅವತ್ತು ಹೊಸದಾಗಿ ಬಂದಿದ್ದಲ್ಲ. ಅವತ್ತು ಹೊಸದಾಗಿ ಗೊತ್ತಾಗಿದ್ದು ಏನಂದರೆ, ಪಕ್ಕದಲ್ಲಿ ನಿಂತವನಿಗೂ ಅಷ್ಟೇ ಸಿಟ್ಟಿದೆ ಅಂತ. ಕಿಮ್ ಮನೆತನ ತನ್ನ ಶಕ್ತಿಯನ್ನೆಲ್ಲ ಹಾಕಿರುವುದು ಈ ಗುಟ್ಟು ಒಬ್ಬರಿಂದೊಬ್ಬರಿಗೆ ತಿಳಿಯದಂತೆ ತಡೆಯೋದಕ್ಕೆ.

[ತೆರೆಯ ಮೇಲೆ: ಪ್ಯೊಂಗ್ಯಾಂಗ್‌ನ ವಸತಿ ಕಟ್ಟಡಗಳು]

ಅಲ್ಲಿ ಪ್ರತಿ 20ರಿಂದ 40 ಮನೆಗಳಿಗೆ ಒಂದು 'ಇನ್ಮಿನ್‌ಬಾನ್', ಅಂದರೆ ನೆರೆಹೊರೆಯ ಘಟಕ, ಇರುತ್ತದೆ. ಅದಕ್ಕೊಬ್ಬ ಮುಖ್ಯಸ್ಥೆ, ಸಾಮಾನ್ಯವಾಗಿ ನಡುವಯಸ್ಸಿನ ಹೆಂಗಸು. ಯಾರ ಮನೆಗೆ ಯಾರು ಬಂದರು, ಯಾರ ಖರ್ಚು ದಿಢೀರನೆ ಜಾಸ್ತಿಯಾಯಿತು, ಎಲ್ಲ ಅವಳಿಗೆ ಗೊತ್ತಿರಬೇಕು. ನೆಂಟರು ಒಂದು ರಾತ್ರಿ ಉಳಿದುಕೊಂಡರೂ ಹೆಸರು ಬರೆಸಬೇಕು. ನಡುರಾತ್ರಿ ಬಾಗಿಲು ತಟ್ಟಿ ತಪಾಸಣೆ ಮಾಡುವುದೂ ಉಂಟು. ಒಂದು ಊರಿಂದ ಇನ್ನೊಂದು ಊರಿಗೆ ಹೋಗೋಕೆ ಪರ್ಮಿಟ್ ಬೇಕು.

ಇದರ ಮೇಲೆ ವಾರಕ್ಕೊಂದು ಸಭೆ. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ತಪ್ಪು ಹೇಳಿಕೊಳ್ಳಬೇಕು, ಆಮೇಲೆ ಇನ್ನೊಬ್ಬರ ತಪ್ಪನ್ನೂ ಎತ್ತಿ ಆಡಬೇಕು. ದಕ್ಷಿಣಕ್ಕೆ ಪಾರಾಗಿ ಬಂದವರು ಇದರ ಬಗ್ಗೆ ಹೇಳುವ ಮಾತು ಕೇಳಿದರೆ ನಗು ಬರುತ್ತದೆ: ಗೆಳೆಯರು ಮೊದಲೇ ಮಾತಾಡಿಕೊಂಡಿರುತ್ತಾರಂತೆ, ಈ ವಾರ ನೀನು ನನ್ನನ್ನು ಬೈ, ಮುಂದಿನ ವಾರ ನಾನು ನಿನ್ನನ್ನು ಬೈತೀನಿ ಅಂತ. ಬ್ರೈನ್‌ವಾಶ್ ಆದವರು ಹೀಗೆ ಮಾಡ್ತಾರಾ? ಜನಕ್ಕೆ ಎಲ್ಲ ಅರ್ಥವಾಗುತ್ತದೆ. ಆದರೆ ಆ ಗೆಳೆಯನನ್ನೂ ಎಷ್ಟು ದೂರ ನಂಬಬಹುದು ಅನ್ನೋದು ಮಾತ್ರ ಗೊತ್ತಿಲ್ಲ.

ಸಿಕ್ಕಿಬಿದ್ದರೆ ಒಬ್ಬನೇ ಹೋಗುವುದಿಲ್ಲ. ರಾಜಕೀಯ ಅಪರಾಧವಾದರೆ ಹೆಂಡತಿ ಮಕ್ಕಳು, ಅಪ್ಪ ಅಮ್ಮ ಎಲ್ಲರನ್ನೂ ರಾಜಕೀಯ ಕೈದಿಗಳ ಕ್ಯಾಂಪಿಗೆ ಹಾಕುವ ಪದ್ಧತಿಯೇ ಇತ್ತು. 2014ರ ವಿಶ್ವಸಂಸ್ಥೆ ತನಿಖಾ ಆಯೋಗದ ಅಂದಾಜಿನಂತೆ ಇಂಥ ಕ್ಯಾಂಪುಗಳಲ್ಲಿ 80,000ದಿಂದ 1,20,000 ಜನ ಇದ್ದರು. ನನ್ನ ಪ್ರಾಣ ಹೋದರೆ ಹೋಗಲಿ ಅನ್ನುವ ಧೈರ್ಯಸ್ಥರು ಎಲ್ಲ ದೇಶದಲ್ಲೂ ಸಿಗುತ್ತಾರೆ. ಮಗಳನ್ನು ಪಣಕ್ಕಿಡುವ ಧೈರ್ಯ ಎಷ್ಟು ಜನಕ್ಕಿದೆ?

ಸರಿ, ಹೊಟ್ಟೆಗಿಲ್ಲದಾಗಲಾದರೂ ಜನ ತಿರುಗಿ ಬೀಳಬೇಕಿತ್ತು, ಅಲ್ವಾ? 1991ರಲ್ಲಿ ಸೋವಿಯತ್ ಒಕ್ಕೂಟ ಮುಳುಗಿತು, ಅಗ್ಗದ ಎಣ್ಣೆ ಗೊಬ್ಬರ ನಿಂತುಹೋಯಿತು. 1994ರ ಜುಲೈನಲ್ಲಿ ಕಿಮ್ ಇಲ್ ಸುಂಗ್ ಸತ್ತ. ಮರುವರ್ಷ ಭಾರಿ ಪ್ರವಾಹ. ರೇಷನ್ ನಿಂತಿತು. ಬರಗಾಲದಲ್ಲಿ ಸತ್ತವರು 6ರಿಂದ 10 ಲಕ್ಷ ಎಂಬ ಅಂದಾಜಿದೆ, ಇನ್ನೂ ಜಾಸ್ತಿ ಎನ್ನುವವರೂ ಇದ್ದಾರೆ. ಹೊರಗಿನ ಪರಿಣತರಲ್ಲಿ ಎಷ್ಟೋ ಜನ ಇನ್ನು ಕೆಲವೇ ವರ್ಷ ಅಂದುಕೊಂಡಿದ್ದರು. ಆದರೆ ಹಸಿದವರು ಹುಡುಕಿದ್ದು ಅನ್ನವನ್ನು. ಗಂಡಸರು ಸಂಬಳವಿಲ್ಲದ ಕಾರ್ಖಾನೆಗೆ ಹಾಜರಿ ಹಾಕಲೇಬೇಕಿತ್ತು. ಮದುವೆಯಾದ ಹೆಂಗಸರಿಗೆ ಆ ಕಟ್ಟುಪಾಡು ಇರಲಿಲ್ಲ, ಅವರು ರಸ್ತೆ ಬದಿಗೆ ಬಂದು ವ್ಯಾಪಾರಕ್ಕೆ ಕೂತರು. ಹೀಗೆ ಹುಟ್ಟಿದ ಸಂತೆಗಳೇ 'ಜಂಗ್ಮಾದಂಗ್'.

ಈ ಸಂತೆಗಳು ಸರ್ಕಾರವನ್ನು ಬೀಳಿಸುತ್ತವೆ ಅಂತ ಬಹಳ ಜನ ಬರೆದರು. ನನಗೇನೋ ಉಲ್ಟಾ ಆಯಿತು ಅನ್ನಿಸುತ್ತದೆ. ವ್ಯಾಪಾರ ಪೂರ್ತಿ ಕಾನೂನುಬದ್ಧ ಅಲ್ಲ. ಆದ್ದರಿಂದ ಪೊಲೀಸನಿಗೆ ಲಂಚ. ಪೊಲೀಸನ ಸಂಸಾರ ನಡೆಯುವುದೂ ಅದೇ ಲಂಚದಿಂದ. ದೇಶದಲ್ಲಿ ಬಹುತೇಕ ಎಲ್ಲರೂ ಒಂದಲ್ಲ ಒಂದು ಕಾನೂನು ಮುರಿದವರೇ, ಅಂದರೆ ಯಾರನ್ನು ಯಾವತ್ತು ಬೇಕಾದರೂ ಹಿಡಿಯಬಹುದು.

2009ರ ನವೆಂಬರ್ ಕೊನೆಯಲ್ಲಿ ಹಳೆಯ 100 ವೊನ್‌ಗೆ ಹೊಸ 1 ವೊನ್ ಅಂತ ನೋಟು ಬದಲಿಸಿದರು. ನಮ್ಮ 2016ರ ನೋಟ್ ಬ್ಯಾನ್‌ನಲ್ಲಿ ಬ್ಯಾಂಕಿಗೆ ಕಟ್ಟಿದ ಹಣ ಖಾತೆಯಲ್ಲಾದರೂ ಉಳಿಯಿತು. ಅಲ್ಲಿ ಬದಲಿಸಿಕೊಳ್ಳುವ ಮೊತ್ತಕ್ಕೇ ಮಿತಿ ಇತ್ತು, ಅದನ್ನು ಮೀರಿದ ಉಳಿತಾಯ ಹಾಗೇ ಮಣ್ಣುಪಾಲು. ಜನ ಕೆಂಡವಾದರು, ಸರ್ಕಾರ ಸ್ವಲ್ಪ ಹಿಂದೆ ಸರಿಯಿತು, ಅಲ್ಲಿಗೆ ಮುಗಿಯಿತು. ಆ ಸಿಟ್ಟನ್ನು ಹೊತ್ತೊಯ್ಯೋಕೆ ಒಂದು ಸಂಘ, ಒಂದು ಪತ್ರಿಕೆ, ಒಂದು ಚರ್ಚು ಏನೂ ಇರಲಿಲ್ಲ.

[ತೆರೆಯ ಮೇಲೆ: ಸೇನಾ ಪರೇಡ್]

ಆದರೆ ಚೌಷೆಸ್ಕುವನ್ನು ಜನರಷ್ಟೇ ಬೀಳಿಸಲಿಲ್ಲ. ಸೇನೆ ತಿರುಗಿಬಿತ್ತು. ಪ್ಯೊಂಗ್ಯಾಂಗ್‌ನ ಜನರಲ್‌ಗಳು ಯಾಕೆ ತಿರುಗುತ್ತಿಲ್ಲ?

ಭಯ ಇದೆ, ನಿಜ. ಕಮಾಂಡರ್ ಪಕ್ಕದಲ್ಲೇ ಪಾರ್ಟಿಯ ರಾಜಕೀಯ ಅಧಿಕಾರಿ ಇರುತ್ತಾನೆ, ಇಬ್ಬರ ಮೇಲೂ ಕಣ್ಣಿಡಲು ಮೂರನೆಯ ಇಲಾಖೆ. 2013ರ ಡಿಸೆಂಬರ್‌ನಲ್ಲಿ ಕಿಮ್ ಜಾಂಗ್ ಉನ್ ತನ್ನ ಸೋದರತ್ತೆಯ ಗಂಡನನ್ನೇ ಪಾರ್ಟಿ ಸಭೆಯಿಂದ ಎಳೆಸಿ, ಅದನ್ನು ಟಿವಿಯಲ್ಲಿ ತೋರಿಸಿ, ಕೆಲವೇ ದಿನದಲ್ಲಿ ಕೊಲ್ಲಿಸಿದ. 2017ರಲ್ಲಿ ಅವನ ಮಲಸಹೋದರ ಕೌಲಾಲಂಪುರ ವಿಮಾನ ನಿಲ್ದಾಣದಲ್ಲಿ ವಿಎಕ್ಸ್ ವಿಷಕ್ಕೆ ಬಲಿಯಾದ.

ಇದಕ್ಕಿಂತ ದೊಡ್ಡ ಕಾರಣ ಗಡಿಯ ಆಚೆ ಇದೆ. ರೊಮೇನಿಯಾದಲ್ಲಿ ಚೌಷೆಸ್ಕು ಹೋದ ಮೇಲೆ ಅಧಿಕಾರಕ್ಕೆ ಬಂದಿದ್ದು ಹಳೆಯ ಕಮ್ಯುನಿಸ್ಟ್ ಇಲಿಯೆಸ್ಕು. ಅಧಿಕಾರಿಗಳಿಗೆ ಹಡಗು ಬದಲಿಸುವ ಅವಕಾಶ ಇತ್ತು. ಉತ್ತರ ಕೊರಿಯಾದ ಅಧಿಕಾರಿಗೆ ಆ ಅವಕಾಶ ಎಲ್ಲಿದೆ? ಸರ್ಕಾರ ಬಿದ್ದರೆ ಅಲ್ಲಿ ಬೇರೆ ರೂಪದ ಉತ್ತರ ಕೊರಿಯಾ ಉಳಿಯುವುದು ಕಷ್ಟ, ಹತ್ತಾರು ಪಟ್ಟು ಶ್ರೀಮಂತವಾದ ದಕ್ಷಿಣ ಕೊರಿಯಾ ಒಳಗೆ ಬರುತ್ತದೆ. ಆಗ ಅವನಿಗೆ ಕುರ್ಚಿಯೂ ಇಲ್ಲ, ಪ್ಯೊಂಗ್ಯಾಂಗ್‌ನ ಮನೆಯೂ ಇಲ್ಲ. ಕ್ಯಾಂಪುಗಳ ಲೆಕ್ಕ ಕೇಳುವ ಕೋರ್ಟು ಮಾತ್ರ ಇರುತ್ತದೆ. ಕಿಮ್ ಮೇಲೆ ಪ್ರೀತಿ ಇಲ್ಲದಿದ್ದರೂ ಅವನ ಜೊತೆಗೇ ಮುಳುಗಬೇಕು ಅಥವಾ ತೇಲಬೇಕು.

ಹೊರಗಿನ ಬೆಂಬಲ ಬೇಗ ಹೇಳಿಬಿಡ್ತೀನಿ. ವ್ಯಾಪಾರದಲ್ಲಿ ಶೇ. 90ಕ್ಕೂ ಹೆಚ್ಚು ಚೀನಾ ಜೊತೆ, ಯಾಕಂದರೆ ತನ್ನ ಗಡಿಗೆ ಅಮೆರಿಕದ ಸೈನಿಕರು ಬರೋದು ಚೀನಾಕ್ಕೆ ಬೇಡ. 2006ರಿಂದ ಕೈಯಲ್ಲಿ ಅಣುಬಾಂಬ್. 2003ರಲ್ಲಿ ಅಣು ಯೋಜನೆ ಬಿಟ್ಟುಕೊಟ್ಟ ಲಿಬಿಯಾದ ಸರ್ವಾಧಿಕಾರಿ ಗಡಾಫಿ 2011ರಲ್ಲಿ ಬಂಡುಕೋರರ ಕೈಗೆ ಸಿಕ್ಕಿ ಸತ್ತಿದ್ದನ್ನು ಅವರು ಚೆನ್ನಾಗಿಯೇ ನೋಡಿದ್ದಾರೆ.

ಇನ್ನು ಉತ್ತರ ಕೊರಿಯಾ 'ಜಗತ್ತಿನಿಂದ ಕಡಿದುಕೊಂಡ ದೇಶ' ಅನ್ನೋ ಮಾತು. ಮುಚ್ಚಿರೋದು ಜನರ ಪಾಲಿನ ಬಾಗಿಲು. ರೇಡಿಯೊ ಸರ್ಕಾರಿ ಕೇಂದ್ರ ಬಿಟ್ಟು ಬೇರೇನೂ ಹಿಡಿಯದಂತೆ ಸೀಲ್ ಆಗಿರುತ್ತದೆ, ದಕ್ಷಿಣದ ಸಿನಿಮಾ ಹಂಚಿದರೆ 2020ರ ಕಾನೂನಿನಲ್ಲಿ ಮರಣದಂಡನೆಗೂ ಅವಕಾಶ ಇದೆ. ಆಳುವವರಿಗೆ ಮಾತ್ರ ಇಂಟರ್‌ನೆಟ್ ಚೆನ್ನಾಗಿಯೇ ಸಿಗುತ್ತದೆ. 2024ರ ಜುಲೈನಲ್ಲಿ ನಮ್ಮ ವಜೀರ್‌ಎಕ್ಸ್ ಕ್ರಿಪ್ಟೊ ಎಕ್ಸ್‌ಚೇಂಜ್‌ನಿಂದ ಸುಮಾರು 23.5 ಕೋಟಿ ಡಾಲರ್ ಕಳುವಾಯಿತಲ್ಲ, ಅದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿವೆ. ಈ ವಿಡಿಯೋ ನೋಡುತ್ತಿರುವ ಕೆಲವರ ದುಡ್ಡೂ ಅದರಲ್ಲಿರಬಹುದು.

ಹಾಗಾದರೆ ಎಲ್ಲಿ ಬಿರುಕು ಬಿಡಬಹುದು? ಬೀದಿಯಲ್ಲಿ ಅಂತ ನನಗೆ ಅನ್ನಿಸೋದಿಲ್ಲ. ವಾರಸುದಾರಿಕೆಯಲ್ಲಿ. ಕಿಮ್ ಜಾಂಗ್ ಇಲ್‌ನನ್ನು 1980ರ ಪಾರ್ಟಿ ಮಹಾಧಿವೇಶನದಲ್ಲೇ ಮುಂದೆ ತಂದಿದ್ದರು, ಅವನಿಗೆ ತಯಾರಾಗಲು 14 ವರ್ಷ ಸಿಕ್ಕಿತು. ಕಿಮ್ ಜಾಂಗ್ ಉನ್‌ನನ್ನು ಹೊರಗೆ ತೋರಿಸಿದ್ದು 2010ರ ಸೆಪ್ಟೆಂಬರ್‌ನಲ್ಲಿ, ಮರುವರ್ಷ ಡಿಸೆಂಬರ್‌ನಲ್ಲಿ ಅಪ್ಪ ಸತ್ತ. ಮುಂದಿನವರು ಯಾರು ಅಂತ ಮೊದಲೇ ಗೊತ್ತಿದ್ದರೆ ಜನರಲ್‌ಗಳು ತಮ್ಮತಮ್ಮಲ್ಲೇ ಬಡಿದಾಡಬೇಕಿಲ್ಲ, ರಾಜಮನೆತನದ ಲಾಭವೇ ಅದು. 2022ರ ನವೆಂಬರ್‌ನಿಂದ ಕಿಮ್ ತನ್ನ ಮಗಳನ್ನು ಕ್ಷಿಪಣಿ ಉಡಾವಣೆಗೆ, ಪರೇಡಿಗೆ ಕರೆದುಕೊಂಡು ಬರುತ್ತಿದ್ದಾನೆ. ಅವಳಿನ್ನೂ ಚಿಕ್ಕ ಹುಡುಗಿ. ಅವಳು ದೊಡ್ಡವಳಾಗುವ ಮೊದಲೇ ಅಪ್ಪನಿಗೆ ಏನಾದರೂ ಆದರೆ, ಆ ಜನರಲ್‌ಗಳು 1948ರಿಂದ ಒಮ್ಮೆಯೂ ಮಾಡದ ಕೆಲಸ ಮಾಡಬೇಕಾಗುತ್ತದೆ. ಪೂರ್ತಿ ಬೆಳೆದ ಕಿಮ್ ಇಲ್ಲದೆ, ಒಬ್ಬರನ್ನೊಬ್ಬರು ನಂಬಿ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ.