ಗುರುವಾರದ ಸ್ಟೇಟಸ್ ಮತ್ತು ಎದುರಿನ ಅಂಗಡಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವ್ರಿಗೆ ಕೇಳ್ತದಾ? ಆಯ್ತು. ನಂಗೆ ಭಾಷಣ ಗೀಷಣ ಬರುದಿಲ್ಲ, ಮಂಗಳೂರಿನ ಮಣ್ಣಗುಡ್ಡೆಯಲ್ಲಿ ಸಣ್ಣ ಮಸಾಲೆ ಅಂಗಡಿ ಇಟ್ಕೊಂಡವ್ಳು, ಕೋಳಿಗೆ ಕೋರಿ ಸುಕ್ಕದ ಪುಡಿ, ಮೀನಿಗೆ ಪುಳಿಮುಂಚಿ ಪುಡಿ, ಮತ್ತೆ ಸಾರಿನ ಪುಡಿ, ಅಷ್ಟೆ. ನಮ್ಮ ಐಡಿಯಾ ಬೇರೆಯವ್ರು ಕಾಪಿ ಹೊಡೆದ್ರೆ ಎಂತ ಮಾಡುದು ಅಂತ ಮಾತಾಡ್ಲಿಕ್ಕೆ ಹೇಳಿದ್ದಾರೆ, ನಾನು ಮಾಡಿದ ಮಂಗಾಟವನ್ನೂ ಸೇರಿಸಿಯೇ ಹೇಳ್ತೇನೆ.

ನಮ್ದೊಂದು ಕ್ರಮ ಉಂಟು. ಗುರುವಾರ ಸಂಜೆ ವಾಟ್ಸಾಪ್ ಸ್ಟೇಟಸ್ ಹಾಕುದು, "ನಾಳೆ ಹುರಿತೇವೆ, ಬೇಕಾದವ್ರು ಇವತ್ತೇ ಹೇಳಿ". ಶುಕ್ರವಾರ ಹುರಿದು, ಪುಡಿ ಮಾಡಿ, ಶನಿವಾರ ಕೊಡುದು, ಯಾಕಂದ್ರೆ ಆದಿತ್ಯವಾರ ಮನೆಯಲ್ಲಿ ಕೋಳಿ ಆಗ್ಬೇಕಲ್ಲ. ಸ್ಟಾಕ್ ಉಳಿಯುದಿಲ್ಲ, ಪರಿಮಳವೂ ಹೋಗುದಿಲ್ಲ. ಒಂದು ವರ್ಷ ಚಂದ ನಡೀತು. ಆಮೇಲೆ ಎದುರು ಇನ್ನೊಂದು ಅಂಗಡಿ ಬಂತು, ಎರಡೇ ತಿಂಗಳಲ್ಲಿ ಅವ್ರದ್ದೂ ಗುರುವಾರದ ಸ್ಟೇಟಸ್, ಅದೇ "ನಾಳೆ ಹುರಿತೇವೆ". ಅದನ್ನಾದ್ರೂ ಸಹಿಸ್ಕೊಳ್ತಿದ್ದೆ, ಆದ್ರೆ ಜೊತೆಗಿದ್ದ ಫೋಟೋ ದೊಡ್ಡದು ಮಾಡಿ ನೋಡ್ತೇನೆ, ನೀಲಿ ಅಂಚಿನ ಪಿಂಗಾಣಿ ಬಟ್ಲು, ಅಂಚಲ್ಲಿ ಚೆಕ್ಕೆ ಎದ್ದು ಕಪ್ಪಾದ ಜಾಗ, ಪಕ್ಕದಲ್ಲಿ ಒಂದು ಕೈ, ಮಣಿಕಟ್ಟಲ್ಲಿ ಎಣ್ಣೆ ಹಾರಿದ ಕಲೆ. ನಮ್ಮ ಅಮ್ಮನ ಕೈ ಮಾರಾಯ್ರೆ, ನಾನೇ ತೆಗೆದ ಫೋಟೋ! ಅಮ್ಮ ಅವ್ರ ಅಂಗಡಿಗೆ ಕೆಲಸಕ್ಕೆ ಸೇರಿದ್ದು ಯಾವಾಗ?

ಮಂಡೆ ಬಿಸಿ ಆಯ್ತು. ರಾತ್ರಿ ಹನ್ನೊಂದಕ್ಕೆ "ಅಸಲಿ ಯಾರು ನಕಲಿ ಯಾರು ಊರಿಗೇ ಗೊತ್ತು" ಅಂತ ಸ್ಟೇಟಸ್ ಹಾಕಿದೆ. ಬೆಳಿಗ್ಗೆ ಎಂತ ಆಯ್ತು ಗೊತ್ತುಂಟಾ, ಗಿರಾಕಿಗಳೆಲ್ಲ "ಅದ್ಯಾವುದು ಅಕ್ಕ ಇನ್ನೊಂದು ಅಂಗಡಿ?" ಅಂತ ಕೇಳಿ ನೋಡ್ಲಿಕ್ಕೆ ಹೋದ್ರು. ಅವ್ರಿಗೆ ನಾನೇ ಬಿಟ್ಟಿ ಪ್ರಚಾರ ಮಾಡಿ ಕೊಟ್ಟ ಹಾಗಾಯ್ತು. ಸಾಲದ್ದಕ್ಕೆ ರೇಟ್ ಇಳಿಸಿದೆ, 120ರ ಪ್ಯಾಕೆಟ್ 95ಕ್ಕೆ. ಮೂರು ತಿಂಗಳು ಮೆಣಸಿನ ದುಡ್ಡು ಹುಟ್ಟಿದ್ದು ಕಷ್ಟದಲ್ಲಿ.

ಕಡೆಗೆ ಗುರ್ತದ ವಕೀಲರೊಬ್ರು ಕೂರಿಸಿ ಹೇಳಿದ್ರು, ಕದ್ದದ್ದು ಎಂತ ಅಂತ ಮೊದಲು ಬೇರೆ ಬೇರೆ ಮಾಡಿ. ಗುರುವಾರ ಹೇಳಿ ಶನಿವಾರ ಕೊಡುದು ಬರೀ ಐಡಿಯಾ, ಅದಕ್ಕೆ ನಮ್ಮ ದೇಶದಲ್ಲಿ ಯಾರೂ ಬೇಲಿ ಹಾಕ್ಲಿಕ್ಕೆ ಆಗುದಿಲ್ಲ. ಫೋಟೋ ಹಾಗಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನಾನು ತೆಗೆದ ಫೋಟೋ ತೆಗೆದ ಕ್ಷಣದಿಂದಲೇ ನಂದು, ರಿಜಿಸ್ಟರ್ ಮಾಡ್ಬೇಕು ಅಂತ ಇಲ್ಲ. ಫೋನಲ್ಲಿದ್ದ ಒರಿಜಿನಲ್ ಫೈಲು, ಅದ್ರ ತಾರೀಕು, ಅದೇ ಫೋಟೋ ಇದ್ದ ಅವ್ರ ಇನ್‌ಸ್ಟಾಗ್ರಾಮ್ ಪೋಸ್ಟಿನ ಸ್ಕ್ರೀನ್‌ಶಾಟ್ ಇಟ್ಕೊಂಡು ಮರ್ಯಾದೆಯಲ್ಲಿ ಒಂದು ಮೆಸೇಜ್ ಹಾಕಿದೆ, ಸಂಜೆಯೊಳಗೆ ತೆಗೆದ್ರು. ತೆಗೀದಿದ್ರೆ ಇನ್‌ಸ್ಟಾಗ್ರಾಮಲ್ಲಿ ಕಾಪಿರೈಟ್ ದೂರು ಕೊಡ್ಲಿಕ್ಕೆ ಫಾರ್ಮ್ ಉಂಟು. ಸ್ಕ್ರೀನ್‌ಶಾಟ್ ಮೊದಲು, ಜಗಳ ಆಮೇಲೆ, ಇದನ್ನು ಬೇಕಿದ್ರೆ ಬರ್ಕೊಳ್ಳಿ.

ಹೆಸರಿನ ವಿಷಯ ಬೇರೆ, ಅದನ್ನು ನಮ್ದೇ ಅಂತ ರಿಜಿಸ್ಟರ್ ಮಾಡುದಕ್ಕೆ ಟ್ರೇಡ್‌ಮಾರ್ಕ್ ಅಂತಾರೆ. ಟ್ರೇಡ್‌ಮಾರ್ಕ್ ಅರ್ಜಿ ಆನ್‌ಲೈನಲ್ಲಿ ಹಾಕಿದ್ರೆ ನಮ್ಮಂಥ ಒಬ್ಬರ ವ್ಯಾಪಾರಕ್ಕೆ ಒಂದು ವರ್ಗಕ್ಕೆ, ಅಂದ್ರೆ ಒಂದು ಬಗೆಯ ಸಾಮಾನಿಗೆ, 4,500 ರೂಪಾಯಿ ಫೀಸು, ಮಸಾಲೆ ಪುಡಿ ಬರುದು 30ನೇ ವರ್ಗದಲ್ಲಿ, ಸಿಕ್ಕಿದ್ರೆ 10 ವರ್ಷ, ಆಮೇಲೆ ರಿನ್ಯೂ. ಆದ್ರೆ "ಮಂಗಳೂರು ಮಸಾಲೆ" ಅಂತ ಹೆಸರಿಟ್ಟು ಅದು ನಂದೊಬ್ಳದ್ದೇ ಅಂದ್ರೆ ಕೊಡುದಿಲ್ಲ, ಊರಿನ ಹೆಸರು, ಸಾಮಾನಿನ ಹೆಸರು ಎಲ್ಲರದ್ದು. ಮತ್ತೆ ರಿಜಿಸ್ಟರ್ ಆಗುವ ಮೊದಲು ಹೆಸರಿನ ಪಕ್ಕ ವೃತ್ತದೊಳಗಿನ ಆರ್ (®) ಹಾಕ್ಬೇಡಿ, ಅದು ಅಪರಾಧ. ಟಿಎಂ (TM) ಅಂತ ಹಾಕ್ಬಹುದು.

ಗಡ್‌ಬಡ್ ಐಸ್‌ಕ್ರೀಂ ನೋಡಿ. ಉಡುಪಿಯವ್ರು ನಮ್ದು ಅಂತಾರೆ, ಮಂಗಳೂರಿನವ್ರು ನಮ್ದು ಅಂತಾರೆ, ಈಗ ಕುಂದಾಪುರದವರೆಗೆ ಯಾವ ಪಾರ್ಲರಿಗೆ ಹೋದ್ರೂ ಮೆನುವಲ್ಲಿ ಉಂಟು. ಆದ್ರೂ 1975ರಲ್ಲಿ ಶುರುವಾದ ಮಂಗಳೂರಿನ ಐಸ್‌ಕ್ರೀಂ ಪಾರ್ಲರ್ ಐಡಿಯಲ್‌ಗೆ ಇವತ್ತಿಗೂ ಜನ ಹುಡುಕ್ಕೊಂಡು ಹೋಗ್ತಾರೆ.

ಕಾಪಿ ಹೊಡೆಯುವವ್ರಿಗೆ ನಾವು ಮಾಡಿದ್ದು ಕಾಣ್ತದೆ, ಯಾಕೆ ಮಾಡಿದ್ದು ಅಂತ ಕಾಣುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುದಿಲ್ಲ, 61 ದಿನ ತಾಜಾ ಮೀನು ಕಡಿಮೆ, ಇದ್ದದ್ದಕ್ಕೂ ಬೆಂಕಿ ರೇಟು. ಹಾಗಾಗಿ ಪುಳಿಮುಂಚಿ ಪುಡಿ ಓಡುದಿಲ್ಲ ಅಂತ ನಾನು "ಮೀನಿಲ್ಲದ ಮಳೆಗಾಲ" ಅಂತ ಒಣಮೀನಿನ ಚಟ್ನಿಪುಡಿ ತಂದೆ. ಎದುರಿನವ್ರೂ ತಂದ್ರು, ಯಾವಾಗ, ಆಗಸ್ಟಲ್ಲಿ! ಬೋಟೆಲ್ಲ ಹೊರಟು ಮೀನು ಇಳಿಸುವ ಧಕ್ಕೆಯಲ್ಲಿ ಬಂಗುಡೆ ಬಂದು ಬೀಳುವಾಗ ಇವ್ರ ಬ್ಯಾನರು "ಮೀನಿಲ್ಲದ ಮಳೆಗಾಲ". ನಗು ಬಂತು, ಪಾಪ ಅಂತಲೂ ಅನ್ನಿಸ್ತು.

ಇನ್ನೊಂದು ಹೇಳ್ಬೇಕು. ಗುರುವಾರದ ಐಡಿಯಾ ನನ್ನ ಮಂಡೆಯಲ್ಲಿ ಹುಟ್ಟಿದ್ದಲ್ಲ. ಸಣ್ಣದಿರುವಾಗ ಮನೆಗೆ ಮೀನು ತರ್ತಿದ್ದ ಅಕ್ಕ ಬುಟ್ಟಿ ತಲೆಗೆ ಏರಿಸುವಾಗ್ಲೇ "ನಾಳೆ ಅಂಜಲ್ ಬರ್ತದೆ, ಇಡ್ಬೇಕಾ?" ಅಂತ ಕೇಳ್ತಿದ್ರು. ನಾನು ಅದನ್ನೇ ಫೋನಿಗೆ ಹಾಕಿದ್ದು. ಅವ್ರು ನನ್ನತ್ರ ಜಗಳಕ್ಕೆ ಬರ್ಲಿಲ್ಲ.

ಈಗ ನಾನು ರೇಟ್ ವಾಪಸ್ 120 ಮಾಡಿದ್ದೇನೆ, ಒಂದು ಪುಸ್ತಕ ಇಟ್ಟಿದ್ದೇನೆ, ಯಾರ ಮನೆಗೆ ಖಾರ ಎಷ್ಟು, ಯಾರಿಗೆ ಬೆಳ್ಳುಳ್ಳಿ ಆಗುದಿಲ್ಲ, ಯಾರ ಮಗ ದುಬೈಗೆ ಹೋಗುದು ಯಾವಾಗ, ಎಲ್ಲ ಅದ್ರಲ್ಲಿ. ಅದು ಸ್ಟೇಟಸಲ್ಲಿ ಬರುದಿಲ್ಲ. ಹೋದ ಗುರುವಾರ ನಂಗೆ ಸ್ವಲ್ಪ ಲೇಟಾಯ್ತು, ಎದುರಿನವ್ರದ್ದು ಏಳು ಗಂಟೆಗೇ ಬಂದಾಗಿತ್ತು. ಏಳೂಕಾಲಿಗೆ ಒಬ್ರು ಗಿರಾಕಿ ಅವ್ರ ಸ್ಟೇಟಸಿನ ಸ್ಕ್ರೀನ್‌ಶಾಟನ್ನೇ ನಂಗೆ ಕಳಿಸಿ ಕೇಳಿದ್ರು, "ಅಕ್ಕ, ಇದು ನೋಡಿ ನೆನಪಾಯ್ತು, ನಾಳೆ ನಿಮ್ದೂ ಹುರಿಲಿಕ್ಕೆ ಉಂಟಲ್ವಾ? ನಂಗೆ ಅರ್ಧ ಕಿಲೋ ಇಡಿ."