ಕಲ್ಲಿನ ಬೆಲೆಯೋ, ಸುಂಕದ ಬೆಲೆಯೋ?

ಬಲಮುರಿಗೆ ಬಂದವರೆಲ್ಲ ಕಾವೇರಿಗೆ ಅಡ್ಡಲಾಗಿರುವ ಈ ಕಟ್ಟೆಯ ಬಳಿ ನಿಂತೇ ಫೋಟೊ ತೆಗೆಸಿಕೊಳ್ಳುತ್ತಾರೆ. ಕ್ಯಾಮೆರಾವನ್ನು ಸ್ವಲ್ಪ ಕೆಳಗಿಳಿಸುತ್ತೇನೆ: ಪಾಚಿ ಕಟ್ಟಿದ ಕಲ್ಲು, ಅದರ ಮೇಲೆ ತೆಳ್ಳಗೆ ಜಾರುವ ಕಾವೇರಿ, ಸಂದಿಯಲ್ಲಿ ಸಿಕ್ಕಿಕೊಂಡ ಯಾರದೋ ಒಂಟಿ ಚಪ್ಪಲಿ. ಈ ಕಟ್ಟೆ ಯಾರದು ಎಂದು ಯಾರೂ ಕೇಳುವುದಿಲ್ಲ. ಮಂಡ್ಯ, ಮೈಸೂರು ಕಡೆ ಕಟ್ಟೆಯೆಂದರೆ ಅರಸರು ಕಟ್ಟಿಸಿದ್ದು, ಇಲ್ಲವೇ ಸರ್ಕಾರದ್ದು.

ಖಾಸಗಿಯವರದಾಗಿದ್ದರೆ? ಅದನ್ನು ಸಾರ್ವಜನಿಕ ಜಲಮಾರ್ಗಕ್ಕೆಂದು ಸರ್ಕಾರ ತೆಗೆದುಕೊಂಡರೆ ಎಷ್ಟು ಕೊಡಬೇಕು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೊನಂಗಹೀಲಾ ನದಿಗೆ ಒಂದು ಕಂಪನಿ ಅಣೆಕಟ್ಟುಗಳನ್ನೂ ಲಾಕ್‌ಗಳನ್ನೂ ಕಟ್ಟಿತ್ತು. ಲಾಕ್ ಎಂದರೆ ದೋಣಿಯನ್ನು ಒಳಗೆ ಬಿಟ್ಟು, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲೆತ್ತುವ ತೊಟ್ಟಿ. ಹಾದುಹೋಗುವ ದೋಣಿಗಳಿಂದ ಸುಂಕ ಎತ್ತಲು ಕಂಪನಿಗೆ ರಾಜ್ಯವೇ ಹಕ್ಕು ಕೊಟ್ಟಿತ್ತು. ಏಳನೆಯ ಅಣೆಕಟ್ಟನ್ನಂತೂ ಕೇಂದ್ರದ ಸೂಚನೆಯ ಮೇರೆಗೇ ಕಟ್ಟಿದ್ದು. ಆಮೇಲೆ 1888ರಲ್ಲಿ ಅದೇ ಕೇಂದ್ರ ಅದನ್ನು ಕೊಳ್ಳಲು ಹೊರಟಿತು, ಸುಂಕದ ಹಕ್ಕನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಕಾಯಿದೆಯಲ್ಲೇ ಬರೆಯಿತು. ಕಟ್ಟಡಕ್ಕಷ್ಟೇ 2,09,000 ಡಾಲರ್ ಬೆಲೆ ಕಟ್ಟಲಾಯಿತು. ಕರೆದು ಕಟ್ಟಿಸಿಕೊಂಡವರೇ ಕೊಳ್ಳುವಾಗ ಕಲ್ಲು, ಮರ ಎಣಿಸುತ್ತಾ ಕೂರುವುದು ಯಾವ ನ್ಯಾಯ? 1893ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರ ನಿಂತಿತು: ಸುಂಕದ ಹಕ್ಕೂ ಆಸ್ತಿಯೇ, ಅದಕ್ಕೂ ಬೆಲೆ ಕೊಡಿ; ಪರಿಹಾರ ಎಷ್ಟೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಸಂಸತ್ತಿನದಲ್ಲ. 1897ರಲ್ಲಿ ಕಂಪನಿಯ ಇಡೀ ವ್ಯವಸ್ಥೆ ಸರ್ಕಾರದ ಕೈ ಸೇರಿತು, ಸುಂಕವೂ ನಿಂತಿತು.

ಹಾಗೆಂದು ನದಿಯಲ್ಲಿ ಕಲ್ಲಿಟ್ಟವರಿಗೆಲ್ಲ ಹಣ ಸಿಗುತ್ತದೆಂದು ತಿಳಿಯಬೇಡಿ. 1913ರಲ್ಲಿ ಅಮೆರಿಕದ್ದೇ ಸೇಂಟ್ ಮೇರೀಸ್ ನದಿಯ ಮೊಕದ್ದಮೆ ತಿರುಗುಮುರುಗಾಯಿತು. ಅಲ್ಲಿಯ ವಿದ್ಯುತ್ ಕಂಪನಿ ನದಿಯೊಳಗೆ ಕಟ್ಟಿಕೊಂಡಿದ್ದು ಸರ್ಕಾರ ಯಾವಾಗ ಬೇಕಾದರೂ ಹಿಂಪಡೆಯಬಹುದಾದ ಅನುಮತಿಯ ಮೇಲೆ. ಸರ್ಕಾರ ಅದನ್ನೆಲ್ಲ ತೆಗೆದುಕೊಂಡಾಗ ದಡದ ಜಮೀನಿಗೆ ಹಣ ಬಂತು, ನದಿಯೊಳಗಿನ ಕಟ್ಟಡಕ್ಕೆ ಬರಲಿಲ್ಲ. ಹರಿಯುವ ನೀರಿನ ಶಕ್ತಿಗೂ ಚಿಕ್ಕಾಸಿಲ್ಲ. ದೊಡ್ಡ ನದಿಯ ಹರಿವು ಯಾರ ಸ್ವತ್ತೂ ಅಲ್ಲ ಎಂದಿತು ಕೋರ್ಟು. ಕಾವೇರಿಯ ದಡದಲ್ಲಿ ಬೆಳೆದ ನನಗೆ ಈ ಮಾತು ಹೊಸದೇನಲ್ಲ.

ಎರಡೂ ತೀರ್ಪು ಸರಿಯೆಂದೇ ನನಗೆ ಅನ್ನಿಸುತ್ತದೆ. ನೀರಿಗೆ ಬೆಲೆ ಕೇಳಬಾರದು. ಸರ್ಕಾರದ ಮಾತು ನಂಬಿ ಸುರಿದ ದುಡ್ಡಿಗೆ ಕೇಳಬೇಕು. ನಮ್ಮ ಮಂಡ್ಯ ಜಿಲ್ಲೆಯಲ್ಲೂ ಈಗ ಖಾಸಗಿ ಕಿರು ಜಲವಿದ್ಯುತ್ ಘಟಕಗಳಿವೆ. ಅವುಗಳ ಕಟ್ಟಡಗಳನ್ನು ಸರ್ಕಾರ ಎಂದಾದರೂ ಬೇಕೆಂದರೆ, ಎಂಜಿನಿಯರ್ ಕಾಂಕ್ರೀಟು ಅಳೆಯುವ ಮೊದಲು ವಕೀಲರು ಅನುಮತಿ ಪತ್ರದ ಷರತ್ತು ಓದಬೇಕಾಗುತ್ತದೆ.