ಹದಿಹರೆಯದ ಪ್ರೀತಿಗೆ ವಿಜ್ಞಾನದ ಕಟ್ಟಳೆ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ವಿಜಯಪುರ ಜಿಲ್ಲೆಯನ್ನು ಮಕ್ಕಳ ಸಾಹಿತ್ಯದ ತವರೆಂದು ಅಭಿಮಾನದಿಂದ ಕರೆಯುತ್ತೇವೆ. ಶಿಶುಗೀತೆಗಳಿಗೆ, ಮಕ್ಕಳ ಕತೆಗಳಿಗೆ ಈ ನೆಲದಲ್ಲಿ ಕೊರತೆಯಿಲ್ಲ. ಆದರೆ ಹತ್ತನೆಯ ಇಯತ್ತೆ ಮುಗಿಸಿ ಪಿಯುಸಿಗೆ ಕಾಲಿಡುವ ಹುಡುಗ ಹುಡುಗಿಯರಿಗೆ ಯಾವ ಕನ್ನಡ ಕಾದಂಬರಿ ಕೊಡೋಣವೆಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಶಿಶುಗೀತೆಯ ವಯಸ್ಸನ್ನು ಅವರು ದಾಟಿರುತ್ತಾರೆ. ದೊಡ್ಡವರ ಕಾದಂಬರಿಗಳಲ್ಲಿ ಬರುವ ಸಂಸಾರದ ತಾಪತ್ರಯ ಇನ್ನೂ ಅವರದಾಗಿರುವುದಿಲ್ಲ. ಆ ವಯಸ್ಸಿನವರು ಇಂಗ್ಲಿಷಿನಲ್ಲಿ ಹುಡುಕಿಕೊಂಡು ಓದುವ ಬಗೆಯೊಂದಿದೆ. ವಿಜ್ಞಾನ, ಅದ್ಭುತ, ಪ್ರೇಮ ಮೂರೂ ಬೆರೆತು, ಅವುಗಳ ನಡುವೆ ತಾನು ಯಾರೆಂದು ಕೇಳಿಕೊಳ್ಳುವ ಎಳೆಯ ಜೀವವೊಂದು ನಿಂತಿರುವ ಕತೆ ಅದು. ಅದನ್ನು ಹಗುರವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಸಾಮಾನ್ಯ ಪ್ರೇಮಕತೆಯಲ್ಲಿ ಪ್ರೇಮಿಗಳನ್ನು ಅಗಲಿಸುವುದು ಮನೆಯವರ ವಿರೋಧ, ಜಾತಿ, ಬಡತನ. ಅವುಗಳ ವಿರುದ್ಧ ಸಿಡಿದೇಳಬಹುದು. ನಿಸರ್ಗದ ನಿಯಮವೇ ಅಡ್ಡ ಬಂದರೆ ಸಿಟ್ಟು ಮಾಡಿ ಫಲವಿಲ್ಲ. ಆಗ ಮನುಷ್ಯ ತನ್ನೊಳಗೇ ತಿರುಗಿ ನೋಡಬೇಕಾಗುತ್ತದೆ. 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತವನ್ನೇ ತೆಗೆದುಕೊಳ್ಳಿ. ಬೆಳಕಿನ ವೇಗದ ಶೇಕಡಾ 80ರಷ್ಟು ವೇಗದಲ್ಲಿ ಸಾಗುವ ನೌಕೆಯಲ್ಲಿ 6 ವರ್ಷ ಕಳೆಯುವಷ್ಟರಲ್ಲಿ ಭೂಮಿಯ ಮೇಲೆ 10 ವರ್ಷ ಕಳೆದಿರುತ್ತವೆ. ಒಂದೇ ತರಗತಿಯ 16 ವರ್ಷದ ಇಬ್ಬರು ಗೆಳೆಯರಲ್ಲಿ ಹುಡುಗಿ ಆ ನೌಕೆ ಏರಿದಳೆಂದುಕೊಳ್ಳೋಣ. ಮರಳಿ ಬಂದಾಗ ಅವಳಿಗೆ 22, ಅವನಿಗೆ 26. ಅಷ್ಟರಲ್ಲಿ ಅವನು ಅಪ್ಪನ ಹೊಲ, ಸಾಲ, ತಂಗಿಯ ಮದುವೆ ಎಲ್ಲವನ್ನೂ ಹೊತ್ತು ಬೇರೆಯೇ ಮನುಷ್ಯನಾಗಿದ್ದಾನೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಈ ಲೆಕ್ಕ ಹೊರಡುವ ಮುನ್ನವೇ ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಹೊರಟಳು. ಯಾಕೆ ಹೊರಟೆನೆಂದು ಅವನಿಗೆ ಹೇಳುವ ಮೊದಲು ಅವಳು ತನಗೆ ತಾನೇ ಹೇಳಿಕೊಳ್ಳಬೇಕು. ಕತೆಯ ತಿರುಳು ನನ್ನ ಮಟ್ಟಿಗೆ ಅಲ್ಲಿದೆ.

ಈ ಪ್ರಕಾರದಲ್ಲಿ ಸವೆದ ದಾರಿಗಳೂ ಇವೆ. ನೂರಾರು ವರ್ಷ ಬದುಕಿದ ಅಮರ ಪುರುಷನೊಬ್ಬ 16ರ ಹುಡುಗಿಗೆ ಮನಸೋಲುವುದನ್ನು ನಾನು ಪ್ರೇಮವೆನ್ನಲಾರೆ; ಅಷ್ಟು ಬದುಕಿ ಬಲ್ಲವನ ಎದುರು ಆ ಮಗುವಿನ ಒಪ್ಪಿಗೆಗೆ ಬಲವೆಲ್ಲಿಂದ ಬರಬೇಕು? ಹಾಗೆಯೇ, ನಾಯಕಿಯ ಮೈಯಲ್ಲಿ ಹರಿಯುವುದು ರಾಜವಂಶದ ರಕ್ತವೆಂದು ಕೊನೆಗೆ ತಿಳಿದುಬರುವ ಕತೆಗಳಲ್ಲಿ ಅವಳು ತನ್ನನ್ನು ತಾನು ಕಂಡುಕೊಂಡಂತಾಗುವುದಿಲ್ಲ. ಬಾಗೇವಾಡಿಯ ಬಾಲಕ ಬಸವ ಹುಟ್ಟಿನಿಂದ ಬಂದ ಜನಿವಾರವನ್ನು ಬೇಡವೆಂದು ಕೂಡಲಸಂಗಮಕ್ಕೆ ಹೊರಟನೆಂದು ಪರಂಪರೆ ಹೇಳುತ್ತದೆ. ಅಂಥ ನೆಲದಲ್ಲಿ ಹುಟ್ಟಿನ ಹಿರಿಮೆಯನ್ನೇ ಬಹುಮಾನವಾಗಿ ಕೊಡುವ ಕತೆಯನ್ನು ನಾವೇಕೆ ಬರೆಯಬೇಕು?

ಇಂಥ ಕತೆಗೆ ಪರದೇಶದ ಕೋಟೆ ಕಾಡುಗಳನ್ನು ಎರವಲು ತರಬೇಕಾಗಿಲ್ಲ. 1656ರಲ್ಲಿ ಮುಗಿದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿಯಿಟ್ಟು ಮೆಲ್ಲನೆ ಆಡಿದ ಮಾತು, ಬಾಗಿದ ಗೋಡೆಯನ್ನೇ ಹಿಡಿದು ಸಾಗಿ, ಸುಮಾರು 38 ಮೀಟರ್ ಆಚೆ ಕಿವಿಯಿಟ್ಟವರನ್ನು ಮುಟ್ಟುತ್ತದೆ. ಎದುರೆದುರು ನಿಂತು ಹೇಳಲಾರದ್ದನ್ನು ಹೇಳಲು ಹದಿಹರೆಯದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಾರದು.

ನನ್ನ ಮನಸ್ಸು ಹೆಚ್ಚು ಹರಿಯುವುದು ಬಾಗಲಕೋಟೆಯ ಕಡೆಗೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಪಟ್ಟಣದ ಓಣಿ ಓಣಿಗಳೇ ಮುಳುಗಡೆಯಾದವು, ಜನ ನವನಗರಕ್ಕೆ ಬಂದರು. ನವನಗರದಲ್ಲೇ ಹುಟ್ಟಿ ಬೆಳೆದ, ಅಜ್ಜಿಯ ಮನೆಯನ್ನು ಮಾತಿನಲ್ಲಷ್ಟೇ ಕಂಡ 15ರ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕತೆಗೆ ಒಂದೇ ಒಂದು ಕಲ್ಪಿತ ನಿಯಮ ಸಾಕು: ನೀರಿನಡಿಯ ಓಣಿಯಲ್ಲಿ ಒಂದು ದಿನ ಕಳೆದರೆ ಮೇಲೆ ಒಂದು ವರ್ಷ ಕಳೆಯುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಾತ್ರ ಆ ಓಣಿಯ ಬಾಗಿಲು ತೆರೆಯುತ್ತದೆ, ಅಲ್ಲಿ ಅವಳದೇ ವಯಸ್ಸಿನ ಹುಡುಗನೊಬ್ಬ ಸಿಗುತ್ತಾನೆ. ಅಲ್ಲಿಂದ ಮುಂದೆ ಅವಳು ದಿನಾ ಪತ್ರಿಕೆ ತೆರೆದು ಮೊದಲು ನೋಡುವುದು ಜಲಾಶಯದ ಮಟ್ಟವನ್ನು. 519.60 ಮೀಟರ್ ಎಂದರೆ ಜಲಾಶಯ ಭರ್ತಿ. ರೈತರೆಲ್ಲ ಸಂತೋಷಪಡುವ ಆ ಅಂಕಿ ಅವಳೊಬ್ಬಳ ಪಾಲಿಗೆ ಅಗಲಿಕೆಯಾಗುತ್ತದೆ. ನೀರು ಇಳಿಯಲೆಂದು ಹಾರೈಸುವುದು ಬರವನ್ನೇ ಬಯಸಿದಂತೆ ಎಂದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಗುತ್ತದೆ. ಆ ನಾಚಿಕೆಯಿಂದಲೇ ಅವಳು ದೊಡ್ಡವಳಾಗತೊಡಗುತ್ತಾಳೆ.

ಮೂರು ಬೇಸಿಗೆ ಕಳೆದಾಗ ಅವಳಿಗೆ 18, ಅವನಿಗೆ ಇನ್ನೂ 15. ಅವನು ನಿನ್ನೆಯ ಮಾತನ್ನೇ ಮುಂದುವರಿಸುತ್ತಾನೆ. ಅವಳು ಅಷ್ಟರಲ್ಲಿ ಸಿಇಟಿ ಬರೆದಿದ್ದಾಳೆ, ಅಜ್ಜಿಯನ್ನು ಕಳೆದುಕೊಂಡಿದ್ದಾಳೆ. ಅವನು ಬದಲಾಗಿಲ್ಲ, ಮೋಸ ಮಾಡಿಲ್ಲ, ಆದರೂ ಅವಳು ಅವನನ್ನು ದಾಟಿ ಬಂದಿದ್ದಾಳೆ. ಮೊದಲ ಪ್ರೀತಿ ಹೀಗೆ ಯಾರ ತಪ್ಪೂ ಇಲ್ಲದೆ ಹಿಂದುಳಿಯುವ ನೋವನ್ನು ವಾಸ್ತವದ ಕತೆಯಲ್ಲಿ ಹೇಳಹೊರಟರೆ ಪುಟಗಟ್ಟಲೆ ವಿವರಣೆ ಬೇಕಾಗುತ್ತದೆ. ಇಲ್ಲಿ ಆ ಒಂದು ಕಟ್ಟಳೆಯೇ ಎಲ್ಲವನ್ನೂ ಹೇಳುತ್ತದೆ.

ಪ್ರೌಢಶಾಲೆ ಮತ್ತು ಪಿಯು ಕಾಲೇಜುಗಳ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಭೌತವಿಜ್ಞಾನದ ಮೇಷ್ಟ್ರು, ಕನ್ನಡದ ಮೇಷ್ಟ್ರು ಇಬ್ಬರೂ ಒಟ್ಟಿಗೆ ಕುಳಿತು, ಇಂಥ ಒಂದು ನಿಯಮವನ್ನು ಮಕ್ಕಳ ಮುಂದಿಟ್ಟು ಕತೆ ಬರೆಸಿರಿ. ಮಕ್ಕಳು ಪ್ರೀತಿಯ ಬಗ್ಗೆ ಬರೆದರೆ ಗದರಿಸದೆ ಓದಿರಿ. ಆ 18ರ ಹುಡುಗಿ ನಾಲ್ಕನೆಯ ಬೇಸಿಗೆಯಲ್ಲಿ ಮತ್ತೆ ಆ ಓಣಿಗೆ ಇಳಿಯುತ್ತಾಳೋ ಇಲ್ಲವೋ ಎಂಬುದನ್ನು ಅವರೇ ತೀರ್ಮಾನಿಸಲಿ. ನಮಸ್ಕಾರ.